ಅಮೆರಿಕದ ಖಾನಾವಳಿಯೊಳಗ ತಾಂಬಾದ ಹೊಟ್ಟಿ

ಒಂದೂರಲ್ಲಿ ನಿಲ್ಲದವನ ಹೊಟ್ಟೆಗೆ ಒಂದಲ್ಲ ಒಂದು ಫಜೀತಿ ಕಾದೇ ಇರುತ್ತದೆ. ನಾನು ನಮ್ಮೂರು ತಾಂಬಾದ ಸಾಲಿ ಅರ್ಧಕ್ಕೆ ಬಿಟ್ಟು ಮುಂಬಯಿಗೆ ಓಡಿದವನು. ಅಲ್ಲಿ ಹಡಗಿನ ಖಲಾಸಿಯಾಗಿ ಅಮೆರಿಕದ ಒಂದು ಬಂದರದವರೆಗೆ ಹೋದೆ. ಗೋಧಿ ತುಂಬುವ ತನಕ ಹಡಗು ಅಲ್ಲೇ. ಅಷ್ಟರಲ್ಲಿ ಹಡಗಿನ ಅಡುಗೆಮನೆಯ ಒಲೆ ಕೆಟ್ಟು ಕೂತಿತು, ಊಟವೆಲ್ಲ ಹೊರಗೆ. ಹತ್ತಿರದಲ್ಲಿದ್ದದ್ದು ಲಾರಿ ಡ್ರೈವರುಗಳು ಉಣ್ಣುವ ಒಂದೇ ಖಾನಾವಳಿ, ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು.

ಮಾಂಸ ಮುಟ್ಟುವುದಿಲ್ಲವೆಂದು ಅವ್ವನ ಮುಂದೆ ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ್ದೆ. ಜೊತೆಗಿದ್ದ ಖಲಾಸಿ, ನಾಲತವಾಡದ ಚಾಚಾ, ಮಾಂಸ ಉಣ್ಣುವವನೇ. ಆದರೆ ಹಲಾಲ್ ಅಲ್ಲದ್ದು ಒಲ್ಲ. ಅವನಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಹಸಿವು ಮಾತ್ರ.

೧. ರುಚಿಗೆ

ಮೊದಲ ದಿನ ಚಾಚಾ ಬರೀ ಕಾಳಿನ ಪಲ್ಯ ಕೊಡಿ ಅಂತ ಹೇಳಿದ. ಬಂತು. ಚಮಚೆಯಿಂದ ಕಲಕಿದರೆ ನಡುವೆ ಹಂದಿಯ ತುಣುಕು! ಬಡಿಸುವ ಹೆಣ್ಣುಮಗಳು ನಕ್ಕು ಏನೋ ಅಂದಳು.

"ಏನಂತಾಳ ಚಾಚಾ?"

"ರುಚಿಗೆ ಹಾಕೇವಿ, ಬ್ಯಾಡಾದ್ರ ಆರಿಸಿ ಒಗೀರಿ ಅಂತಾಳ."

"ಹಾಲಿನ್ಯಾಗ ಹಲ್ಲಿ ಬಿದ್ರೂ ಹಿಂಗ ಅಂತಾಳೇನು?"

"ಕೇಳಬ್ಯಾಡ ತಮ್ಮಾ. ಅದನ್ನೂ ರುಚಿಗೆ ಅಂದ್ರ ಏನ್ಮಾಡ್ತಿ?"

೨. ಒಮ್ಮೆ ಒಲ್ಲೆ ಅಂದದ್ದು

ಮರುದಿನ ಬೆಣ್ಣೆ ಹಾಕಿ ಮಿದ್ದಿದ ಆಲೂಗಡ್ಡೆ ಸಿಕ್ಕಿತು. ತಾಟು ನೆಕ್ಕುವಷ್ಟು ರುಚಿ. ಆಕೆ ಬಂದು ಇನ್ನಷ್ಟು ಹಾಕಲೇ ಎಂದು ಸನ್ನೆ ಮಾಡಿದಳು. ಬಾಗೇವಾಡಿಯ ಬೀಗರ ಮನೆಯಲ್ಲಿ ಮೂರು ಸಲ ಒಲ್ಲೆ ಅನ್ನದೆ ನೀಡಿಸಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? ನಾನು ಗತ್ತಿನಿಂದ ತಾಟಿಗೆ ಕೈ ಅಡ್ಡ ಹಿಡಿದು "ನೋ, ನೋ" ಅಂದೆ. ಆಕೆ ತಾಟನ್ನೇ ಎತ್ತಿಕೊಂಡು ಹೋದಳು.

"ಚಾಚಾ, ಒತ್ತಾಯ ಮಾಡ್ಲೇ ಇಲ್ಲಲ್ಲ!"

ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ ಚಾಚಾ ಅಂದ: "ಆಕಿ ನಿನ್ನ ಬೀಗತಿ ಅಲ್ಲೋ ಹುಚ್ಚಾ!"

೩. ನನ್ನ ವಾರ

ದಿನಾ ಬ್ರೆಡ್ಡು, ಆಲೂಗಡ್ಡೆ ಎರಡನ್ನೇ ನಾವು ತಿನ್ನುವುದು ಕಂಡು ಖಾನಾವಳಿಯವರು ಇವರು ಕಡುಬಡವರು ಅಂದುಕೊಂಡರೋ ಏನೋ, ಒಂದು ಮಧ್ಯಾಹ್ನ ಮಾಲೀಕನೇ ಇಡೀ ಹುರಿದ ಕೋಳಿಯೊಂದನ್ನು ತಂದು ನಮ್ಮ ಮುಂದಿಟ್ಟ. "ದುಡ್ಡು ಬ್ಯಾಡಂತ, ಉಣ್ರೀ ಅಂತಾನ" ಅಂದ ಚಾಚಾ, ಮುಖ ಸಣ್ಣದು ಮಾಡಿ. ಡ್ರೈವರುಗಳೆಲ್ಲ ಚಮಚೆ ಕೆಳಗಿಟ್ಟು ನಮ್ಮನ್ನೇ ನೋಡತೊಡಗಿದರು. ಬಡಿಸುವ ಹೆಣ್ಣುಮಗಳ ಕಣ್ಣಲ್ಲಿ ನೀರು. ಒಲ್ಲೆವೆಂದರೆ ಅಷ್ಟು ಮಂದಿಯ ಮನಸ್ಸು ಮುರಿಯುತ್ತದೆ. ತಿಂದರೆ ನನ್ನ ಆಣೆ ಮುರಿಯುತ್ತದೆ.

ಒಲ್ಲದ ಮನೆಯ ಊಟಕ್ಕೆ ನಮ್ಮೂರಲ್ಲೊಂದು ಮದ್ದಿದೆ.

"ಚಾಚಾ, ಇವತ್ತ ನನ್ನ ವಾರ ಐತಿ, ದೇವರ ಉಪಾಸ ಹಿಡದಾನ ಅಂತ ಹೇಳು."

"ನನ್ನ ಗತಿ?"

"ನಾನೂ ಹಿಡದೇನಿ ಅನ್ನು!"

ಚಾಚಾ ಹೇಳಿದ. ಮಾಲೀಕ ಟೊಪ್ಪಿಗೆ ತೆಗೆದು ಎದೆಗೆ ಹಿಡಿದ. ಕೋಳಿ ಒಳಗೆ ಹೋಯಿತು. ಬದುಕಿದೆವು ಅಂದುಕೊಂಡು ಬ್ರೆಡ್ಡಿಗೆ ಕೈ ಹಾಕುವಷ್ಟರಲ್ಲಿ ಆತ ಮತ್ತೇನೋ ಕೇಳಿದ, ಚಾಚಾ ಏನೋ ಹೇಳಿದ. ಕೂಡಲೇ ಆ ಹೆಣ್ಣುಮಗಳು ಓಡಿ ಬಂದು ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆ ಎಲ್ಲವನ್ನೂ ಭಕ್ತಿಯಿಂದ ಎತ್ತಿಕೊಂಡು ಹೋಗಿ, ನಮ್ಮ ಮುಂದೆ ಎರಡು ಗ್ಲಾಸು ತಣ್ಣೀರು ಇಟ್ಟಳು.

"ಏನ್ ಕೇಳಿದ ಚಾಚಾ?"

"ಉಪಾಸ ಎಲ್ಲೀತನ ಅಂದ."

"ನೀ ಏನಂದಿ?"

"ನಾಳಿ ಮತ್ತ ಕೋಳಿ ತಂದಾನು ಅಂತ ಹೆದರಿ, ಹಡಗ ಬಿಡೂತನ ಅಂದೆ."