ಹಸಿರು ಟೋಪಿಯ ಉಮೇದುವಾರ

ನನ್ನ ಹೆಂಡತಿಗೆ ಹಸಿರು ಟೋಪಿ ಬಂದ ದಿನದಿಂದ ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ. (ಮೊದಲೂ ಇರಲಿಲ್ಲ. ಆದರೆ ಆಗ ಅದಕ್ಕೆ ಕಾರಣ ಇರಲಿಲ್ಲ.) ಊರಾಚೆಯ ಕೆರೆಯನ್ನು ನೋಡಿಕೊಳ್ಳುವ ನಿಸರ್ಗ ಸ್ವಯಂಸೇವಕರ ಬಳಗದ ಟೋಪಿ ಅದು. ಅದನ್ನು ತೊಟ್ಟು ಭಾನುವಾರ ಭಾನುವಾರ ಶಾಲೆಮಕ್ಕಳಿಗೆ ಹಕ್ಕಿ, ಹುಳ, ಹುಲ್ಲು ತೋರಿಸುತ್ತಾಳೆ. ಮನೆಗೆ ಬಂದರೆ, ಹಲ್ಲಿ ಓಡಿಸಲು ಪೊರಕೆ ಎತ್ತಿದ ನನಗೂ ಪಾಠ.

ನನಗೂ ಟೋಪಿ ಬೇಕೆಂದು ಹಟ ಹಿಡಿದೆ. ನಾಲ್ಕು ತಿಂಗಳು ಕೆರೆಯಂಚಿನ ಕಳೆ ಕಿತ್ತೆ, ಪ್ಲಾಸ್ಟಿಕ್ ಹೆಕ್ಕಿದೆ, ಸೊಂಟ ಹಿಡಿಸಿಕೊಂಡೆ. ಉಳಿದದ್ದು ಒಂದೇ ಪರೀಕ್ಷೆ: ನಾನೊಬ್ಬನೇ ಮಕ್ಕಳಿಗೆ ಒಂದು ತರಗತಿ ನಡೆಸಬೇಕು. ಪರೀಕ್ಷಕಿ ಯಾರು ಅಂತೀರಿ? ಬೆಳಿಗ್ಗೆ ನನಗೆ ಕಾಫಿ ಕೊಟ್ಟವಳೇ.

ನಮ್ಮ ಬಳಗದಲ್ಲೊಂದು ಪದ್ಧತಿ ಇದೆ. ಒಂದು ಕಡೆ ಹದಿನೈದು ನಿಮಿಷ ಪಿಟ್ಟೆನ್ನದೆ ಕೂರಬೇಕು, ಒಂದೇ ಒಂದು ಜೀವಿಯನ್ನು ನೋಡಬೇಕು, ಗಡಿಯಾರ ನೋಡಿ ಬರೆದುಕೊಳ್ಳಬೇಕು. ಬಾಯಿ ಬಿಡುವ ಕೆಲಸವಿಲ್ಲ ಎಂದು ನಾನು ಅದೇ ಪಾಠ ಆರಿಸಿಕೊಂಡೆ. ಇಪ್ಪತ್ತು ಮಕ್ಕಳ ಮುಂದೆ ನಿಂತು, ಕಂಡದ್ದನ್ನಷ್ಟೇ ಬರೆಯಿರಿ, ಯಾರ ದಾಕ್ಷಿಣ್ಯವೂ ಬೇಡ ಎಂದು ಗಂಭೀರವಾಗಿ ಅಪ್ಪಣೆ ಕೊಡಿಸಿ, ಒಂದು ಮರಕ್ಕೆ ಒರಗಿ ಕೂತೆ.

ಅಬ್ಬಾ, ಏನು ಹೊತ್ತು ಅದು! ಎಳೆ ಬಿಸಿಲು ನೀರಿನ ಮೇಲೆ ಹರಡಿಕೊಂಡಿತ್ತು. ಜೊಂಡು ಮೆಲ್ಲಗೆ ಬಾಗಿ ಏಳುತ್ತಿತ್ತು. ಎಲ್ಲೋ ಒಂದು ಹಕ್ಕಿ ಒಂದೇ ಸ್ವರವನ್ನು ಎಳೆದೆಳೆದು ಹಾಡುತ್ತಿತ್ತು. ಕೆರೆ ನನ್ನೊಳಗೆ ಬಂತೋ, ನಾನೇ ಕೆರೆಯೊಳಗೆ ಇಳಿದೆನೋ, ತಿಳಿಯಲಿಲ್ಲ. ತಲೆ ಮೇಲೆ ಹಸಿರು ಟೋಪಿ ಇತ್ತು. ಹೆಂಡತಿ ನೀರಿನ ಮೇಲೇ ನಡೆದು ಬಂದು ಕಾಫಿ ಕೊಟ್ಟಳು, "ಈ ಹಕ್ಕಿ ಹೆಸರೇನು ರೀ?" ಎಂದು ವಿನಯದಿಂದ ಕೇಳಿದಳು. (ಇಲ್ಲಿಯೇ ನನಗೆ ಅನುಮಾನ ಬರಬೇಕಿತ್ತು.) ಎಂಥ ಸುಖ ಅಂದರೆ, ಏಳಲೇ ಮನಸ್ಸಿರಲಿಲ್ಲ.

ಕಣ್ಣು ಬಿಟ್ಟರೆ ಇಪ್ಪತ್ತು ಮಕ್ಕಳೂ ನನ್ನ ಸುತ್ತ ಅರ್ಧ ಚಂದ್ರಾಕಾರದಲ್ಲಿ, ಉಸಿರು ಬಿಗಿಹಿಡಿದು, ಬರೆಯುತ್ತ ಕೂತಿದ್ದಾರೆ. ಹೆಂಡತಿ ಎರಡು ಜಡೆಯ ಹುಡುಗಿಯೊಬ್ಬಳ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"ಒಂಬತ್ತು ಹತ್ತು: ದೊಡ್ಡ ಪ್ರಾಣಿ ಮರಕ್ಕೆ ಒರಗಿತು. ಒಂಬತ್ತು ಹನ್ನೆರಡು: ಬಾಯಿ ತೆರೆಯಿತು. ಒಂಬತ್ತು ಹದಿನಾರು: ಮೂಗಿನ ಮೇಲೆ ಏರೋಪ್ಲೇನ್ ಚಿಟ್ಟೆ ಕೂತಿತು, ಪ್ರಾಣಿ ಓಡಿಸಲಿಲ್ಲ. ಒಂಬತ್ತು ಇಪ್ಪತ್ತು: ತನ್ನಷ್ಟಕ್ಕೆ ನಕ್ಕಿತು. 'ಇನ್ನೊಂದು ಲೋಟ ಕಾಫಿ ತಾರೇ' ಎಂದಿತು."

ಭೂಮಿ ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳ ಸೊಂಟನೋವು ನೀರಲ್ಲಿ ಹೋಮವಾಯಿತು ಎಂದುಕೊಂಡು ತಲೆ ತಗ್ಗಿಸಿದೆ. ಆದರೆ ಅವಳು ಬೈಯಲಿಲ್ಲ. ಮಕ್ಕಳು ಇಷ್ಟು ಹೊತ್ತು ಅಲ್ಲಾಡದೆ ಕೂತದ್ದು ಇದೇ ಮೊದಲಂತೆ, ಪಾಠ ಪಾಸಂತೆ. ನಾನು ಹಿಗ್ಗಿ, ಅವಳ ಕೈಯಲ್ಲಿದ್ದ ಹೊಸ ಟೋಪಿಗೆ ತಲೆ ಒಡ್ಡಿದೆ.

ಅವಳು ಅದನ್ನು ಮಡಚಿ ಚೀಲದೊಳಗೆ ಇಟ್ಟುಕೊಂಡಳು.

"ನಿಮಗೆ ಇದು ಬೇಡ ರೀ. ಮುಂದಿನ ಭಾನುವಾರ ಇನ್ನೂ ಎರಡು ಶಾಲೆಯವರು ಬರ್ತಾರೆ. ಟೋಪಿ ಹಾಕ್ಕೊಂಡ್ರೆ ಮಕ್ಕಳಿಗೆ ಮುಖ ಸರಿಯಾಗಿ ಕಾಣಲ್ಲ."