ಇನ್‌ಲ್ಯಾಂಡ್ ಪತ್ರದೊಳಗೆ ಅಪ್ಪನ ಕಣ್ಣು

ಇನ್‌ಲ್ಯಾಂಡ್ ಪತ್ರಕ್ಕೆ ಅಂಟು ಹಚ್ಚಿದರೆ ಒಳಗಿನ ಗುಟ್ಟು ಒಳಗೇ ಉಳಿಯುತ್ತದೆ ಎಂದು ನಂಬುವವರು ಹೆಣ್ಣು ಹೆತ್ತ ಅಪ್ಪಂದಿರನ್ನು ಕಂಡವರಲ್ಲ. ನನ್ನಪ್ಪ ಕೋಣಂದೂರಿನಲ್ಲಿ ಟೈಲರ್. ಮನೆಯ ಟಪಾಲೆಲ್ಲ ಅಂಗಡಿಗೇ ಬರುತ್ತಿತ್ತು. ನನ್ನ ಹೆಸರಿನ ಪತ್ರ ಬಂದರೆ ಅಪ್ಪ ಅದರ ಎರಡೂ ಅಂಚು ಒತ್ತಿ, ಕೊಳವೆಯ ಹಾಗೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ತೂರಿಸುತ್ತಿದ್ದರು. ಹೊಲಿಗೆ ಬಿಚ್ಚದೆ ಕೋಟಿನ ಅಸ್ತರು ನೋಡುವವರಿಗೆ ಇದೇನು ಮಹಾ.

ಇದು ನನಗೆ ಗೊತ್ತಾದದ್ದು ಪಿಯುಸಿ ಮುಗಿಸಿ ಮನೆಯಲ್ಲಿದ್ದಾಗ. ಒಂದು ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ನನ್ನ ಕೈಗೆ ಪತ್ರ ಕೊಟ್ಟು, ಅಮ್ಮನಿಗೆ "ವನಜನ ಅಕ್ಕಂಗೆ ಗಂಡು ಗೊತ್ತಾಯ್ತಂತೆ ಮಾರಾಯ್ತಿ" ಎಂದರು. ವನಜ ನನ್ನ ಗೆಳತಿ. ಅವಳಪ್ಪನಿಗೆ ವರ್ಗವಾಗಿ ಹೊಸನಗರ ಸೇರಿದ್ದಳು. ಆ ಸುದ್ದಿಯಿದ್ದ ಪತ್ರದ ಅಂಟನ್ನು ನಾನಿನ್ನೂ ಬಿಡಿಸಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಬಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಅದು ಇನ್ನೂ ದೊಡ್ಡ ಅವಮಾನ. ಅಮ್ಮನಲ್ಲಿ ದೂರಿದರೆ, "ಮಗಳ ಕಾಗ್ದ ಅಪ್ಪ ಓದ್ದೆ ಊರೋರು ಓದ್ಬೇಕಾ?" ಎಂದಳು.

ಆಗ ನನಗಿದ್ದದ್ದು ಒಂದೇ ಹಟ, ತೀರ್ಥಹಳ್ಳಿಗೆ ಹೋಗಿ ಟೈಪಿಂಗ್ ಕಲಿಯಬೇಕು. ಅಪ್ಪ "ದಿನಾ ಬಸ್ಸಲ್ಲಿ ಓಡಾಡಿ ಎಂತ ಮಾಡ್ತೀಯೆ? ಇಲ್ಲೇ ಕೂತು ಕಾಜಾ ಹಾಕೋದು ಕಲಿ" ಎಂದು ಮಾತು ಮುಗಿಸಿಬಿಟ್ಟಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ. ವನಜನಿಗೆ ಬರೆದು, ನಾನು ಹೇಳಿದ್ದನ್ನೇ ಪತ್ರದ ನಡುಭಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಲು ತಿಳಿಸಿದೆ. ಅವಳು ಚಾಚೂ ತಪ್ಪದೆ ಬರೆದಳು: "ನಿನ್ನಪ್ಪ ಟೈಪಿಂಗಿಗೆ ಕಳಿಸೇ ಕಳಿಸ್ತಾರೆ ಕಣೆ. ಅಷ್ಟು ದೊಡ್ಡ ಮನಸ್ಸಿನವರು ಕೋಣಂದೂರಲ್ಲೇ ಇನ್ನೊಬ್ಬರಿಲ್ಲ ಅಂತ ನಮ್ಮಪ್ಪ ಯಾವಾಗಲೂ ಹೇಳ್ತಾರೆ."

ಪತ್ರ ಬಂದ ಮರುದಿನವೇ ಅಪ್ಪ ಗಂಟಲು ಸರಿಮಾಡಿಕೊಂಡು, "ಅದೆಂತ ಟೈಪಿಂಗು ಅಂತಿದ್ಯಲ್ಲ, ಸೋಮವಾರದಿಂದ ಹೋಗು" ಎಂದರು. ಸೋಮವಾರ ಬಸ್ಸಿನ ಕಿಟಕಿ ಪಕ್ಕ ಕೂತಾಗ ನನಗಾದ ಹಿಗ್ಗು ಹೇಳತೀರದು. ರಾಜ್ಯ ಗೆದ್ದವಳ ಗತ್ತಿನಲ್ಲಿ ಕಂಡಕ್ಟರಿಗೆ ಚಿಲ್ಲರೆ ಕೊಟ್ಟೆ. ಕ್ಲಾಸಿನಲ್ಲಿ ಬೆರಳು ಕೀಲಿಗಳ ಮೇಲೆ ಕೂರುವ ಮೊದಲೇ ಪಕ್ಕದ ನಾಲ್ವರು ಹುಡುಗಿಯರಿಗೆ ಅಪ್ಪಂದಿರನ್ನು ಪಳಗಿಸುವ ಪಾಠ ಹೇಳತೊಡಗಿದ್ದೆ.

ಮೂರು ತಿಂಗಳ ಮೇಲೆ ವನಜ ಅಕ್ಕನ ಮದುವೆಗೆ ಕರೆಯಲು ಬಂದಳು. ಅಂಗಡಿಗೂ ಹೋಗಿಬಂದು, ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಅಲ್ಲಿ ನನ್ನಪ್ಪ ತನಗೆ ಹೇಳಿದ್ದನ್ನು ಹಾಗೇ ಒಪ್ಪಿಸಿದಳು: "ಆ ಕಾಗ್ದ ಚಂದ ಇತ್ತು ಮಗಾ. ಆದ್ರೆ ಹೊಗಳೋಕೆ ಬೇರೆ ಯಾರ ಹೆಸರಾದ್ರೂ ಹಾಕ್ಬೇಕಿತ್ತು. ಪ್ಯಾಂಟು ಗಿಡ್ಡ ಮಾಡ್ದೆ ಅಂತ ಜಗಳ ಆಡಿ ಹೋದ ನಿಮ್ಮಪ್ಪ ಇನ್ನೂ ನನ್ನ ಹತ್ರ ಮಾತಾಡಲ್ಲ. ಇರ್ಲಿ, ಅಷ್ಟು ಕಷ್ಟಪಟ್ಟು ಬರೆಸಿದಾಳಲ್ಲ, ಹೋಗಿ ಕಲೀಲಿ ಅಂದ್ಕೊಂಡೆ."

ಮರುದಿನ ಕ್ಲಾಸಿನಲ್ಲಿ ಆ ನಾಲ್ವರು ಎಂದಿನಂತೆ ನನ್ನ ಸುತ್ತ ಸೇರಿದರು. ಪಾಠ ಮುಂದುವರಿಸಿದೆ. ಇದೊಂದನ್ನು ಮಾತ್ರ ಹೇಳಲಿಲ್ಲ.