ಗಿಟಾರ್ ಗುಡುಗಿನ ಗತ್ತು

"ನನ್ನ ಹಾಡು ಹೊರಗೆ ಬರ್ಲಿ, ಊರಿಗೆ ಊರೇ ಕುಣೀದಿದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!" ಎಂದು ಗುಡುಗು ಘೋಷಿಸಿದ. ಬದಲಾಯಿಸುವುದೇನೂ ಕಷ್ಟವಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಈ ಮಹಾಶಯ 'ಗಿಟಾರ್ ಗುಡುಗು' ಎಂಬ ಬಿರುದನ್ನು ತನಗೆ ತಾನೇ ದಯಪಾಲಿಸಿಕೊಂಡು ವಾರವೂ ಆಗಿರಲಿಲ್ಲ!

ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ಮನೆಯಲ್ಲಿ ಹೆಚ್ಚುವರಿಯಾಗಿ ಇದ್ದದ್ದು ಒಂದೇ ಕೋಣೆ. ಅರ್ಧದಲ್ಲಿ ಅವಳ ಹೊಲಿಗೆ ಮೆಷಿನ್ನು, ಇನ್ನರ್ಧದಲ್ಲಿ ಇವನ ಗಿಟಾರ್, ಸ್ಪೀಕರ್, ಮೈಕು. ಗಡಿ ತಕರಾರು ದಿನನಿತ್ಯದ್ದು.

"ರೀ, ನಿಮ್ಮ ಗಿಟಾರ್ ಕೇಳಿ ಜನ ಕುಣಿದ್ರೆ ನನ್ನ ಮೆಷಿನ್ನು ಹಾಲ್‌ಗೆ. ಇಲ್ಲಾಂದ್ರೆ ನಿಮ್ಮ ಗಿಟಾರು ಅಟ್ಟಕ್ಕೆ. ಒಪ್ಪಿಗೇನಾ?"

"ಒಪ್ಪಿಗೆ! ಹಾಲ್‌ನಲ್ಲಿ ಈಗ್ಲೇ ಜಾಗ ನೋಡ್ಕೋ."

ಯಾವ ಕಂಪನಿಯ ಹಂಗೂ ಇಲ್ಲದೆ ಮನೆಯಲ್ಲೇ ತಯಾರಾಗಬೇಕಿದ್ದ ರಾಕ್ ಹಾಡದು. ತಾಳ ಮಾತ್ರ ಭಾಮೈದನದು. ಬ್ಯಾಂಕಿನ ಗುಮಾಸ್ತನಾದರೂ ಲ್ಯಾಪ್‌ಟಾಪಿನೊಳಗಿಂದ ಅವನು ಎಬ್ಬಿಸುವ 'ಢುಂ ಚಿಕ್ ಢುಂ ಚಿಕ್' ಕೇಳಿದರೆ ಕುರ್ಚಿಯ ಕಾಲೂ ಕುಣಿಯಬೇಕು!

"ಬರೀ ಕುಣಿಸಿದ್ರೆ ಸಾಕೇನೋ? ಮೇಲೆ ನನ್ನ ಗಿಟಾರಿನ ಗತ್ತು ಬೇಕು!"

"ಬರ್ಲಿ ಭಾವ. ತಾಳಕ್ಕೆ ಸರಿಯಾಗಿ ಬಂದ್ರೆ ಸಾಕು."

ಭಾನುವಾರ ಬೆಳಿಗ್ಗೆ ಭಾಮೈದ ಗಿಟಾರಿನ ವೈರನ್ನು ಸ್ಪೀಕರಿಗೆ ಸಿಕ್ಕಿಸಿ, ಅದರ ಮುಂದೆ ಮೈಕಿಟ್ಟು, ಭಾವನ ಕಿವಿಗೆ ತಾಳ ತುಂಬಿದ ಹೆಡ್‌ಫೋನ್ ತೊಡಿಸಿ, ರೆಕಾರ್ಡಿಂಗ್ ಶುರುಮಾಡಿ ಟೀ ಕುಡಿಯಲು ಹೋದ.

"ನಾಳೆ ಯೂನಿಫಾರಂ ಕೊಡ್ಬೇಕು. ನಾನಂತೂ ಮೆಷಿನ್ ನಿಲ್ಸಲ್ಲ," ಎಂದಳು ಹೆಂಡತಿ.

"ಹೊಲಿ, ಹೊಲಿ! ನನ್ನ ಗುಡುಗಿನ ಮುಂದೆ ನಿನ್ನ ಟಕಟಕ ಯಾರಿಗೆ ಕೇಳುತ್ತೆ?"

ಕಾಲು ಅಗಲಿಸಿದ. ಸೊಂಟ ತಿರುಗಿಸಿದ. ಬೆನ್ನು ಬಾಗಿಸಿ ಚಾವಣಿ ನೋಡಿದ. ಹೆಂಡತಿ ಕತ್ತರಿ ಹಿಡಿದು ನೆಲದ ಕಡೆ ತೋರಿಸಿದಳು, ಮತ್ತೆ ಮತ್ತೆ ತೋರಿಸಿದಳು. 'ಅಬ್ಬಾ, ಇವಳೂ ತಾಳ ಹಾಕ್ತಿದ್ದಾಳೆ!' ಎಂದು ಹಿಗ್ಗಿ ತಲೆ ಕುಣಿಸಿದ. ಅವಳು ಕೈಚೆಲ್ಲಿ ಹೊಲಿಗೆಗೆ ಮರಳಿದಳು.

ಹಾಡು ಹೊರಬಿತ್ತು. ಹಿಟ್! ಕನ್ನಡಕ ಕೊಳ್ಳಲು ಬಂದವರು ಕನ್ನಡಕ ಮರೆತು ಕೈಕುಲುಕಿದರು. "ಅದೇನು ಗಿಟಾರ್ ಸಾರ್! ಓಡ್ತಾ ಓಡ್ತಾ ಥಟ್ಟನೆ ನಿಂತು ಮತ್ತೆ ಓಡುತ್ತಲ್ಲ!" ಡ್ಯಾನ್ಸ್ ಕ್ಲಬ್ಬಿನವರು ಶನಿವಾರ ಸಂಜೆ ವೇದಿಕೆಗೇ ಕರೆದರು.

"ಎತ್ತು ನಿನ್ನ ಮೆಷಿನ್ನು!"

"ಶನಿವಾರ ಕಳೀಲಿ ರೀ," ಎಂದಳು ಅವಳು, ತಣ್ಣಗೆ.

ಅಭ್ಯಾಸಕ್ಕೆ ಕುಳಿತಾಗ ಗುಡುಗು ಬೆವರಿದ. ಆ ಓಟ ಬರಲಿಲ್ಲ, ಆ ನಿಲುಗಡೆಯಂತೂ ಬರಲೇ ಇಲ್ಲ. ಬೆರಳಿಗೆ ಬೊಬ್ಬೆ ಬಂತು.

"ಭಾವ, ನುಡಿಸಿದ್ದು ನೀವೇ ತಾನೇ?"

"ಅದು ಸ್ಫೂರ್ತಿ ಕಣೋ! ಕರೆದಾಗೆಲ್ಲ ಬರಲ್ಲ."

"ಬರುತ್ತೆ," ಎಂದ ಹೆಂಡತಿ ಹಲ್ಲಿನಿಂದ ದಾರ ಕಡಿದು ಪೆಡಲ್ ಒತ್ತಿದಳು. ಟಕಟಕಟಕಟಕ... ಥಟ್! ಟಕಟಕಟಕ!

ಅದೇ ಓಟ, ಅದೇ ನಿಲುಗಡೆ!

"ಗಿಟಾರಿನ ವೈರು ಕಿತ್ಕೊಂಡು ಬಿದ್ದಿದೆ ಅಂತ ಕತ್ತರಿ ತೋರ್ಸಿ ತೋರ್ಸಿ ನನ್ನ ಕೈಗೆ ನೋವು ಬಂತು. ನೀವು ತಲೆ ಕುಣಿಸಿದ್ರಿ!"

ಭಾಮೈದ ತಲೆ ಚಚ್ಚಿಕೊಂಡ. "ಮೈಕಿಗೆ ಸಿಕ್ಕಿದ್ದು ಅಕ್ಕನ ಮೆಷಿನ್ನಾ? ಗಿಟಾರೇ ಅಂದ್ಕೊಂಡು ಅದಕ್ಕೆ ಇದ್ದಬದ್ದ ಎಫೆಕ್ಟೆಲ್ಲ ಹಾಕ್ಬಿಟ್ನಲ್ಲ!"

ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಗುಡುಗಿಗೆ. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದ: "ಆ ಥಟ್ ಅನ್ನೋ ಜಾಗದಲ್ಲಿ... ಏನ್ ಮಾಡ್ತೀಯೆ?"

"ಅದು ಜೇಬಿನ ಮೂಲೆ. ಅಲ್ಲಿ ಬಟ್ಟೆ ತಿರುಗಿಸ್ಬೇಕು."

ಶನಿವಾರ ವೇದಿಕೆಯ ಮೇಲೆ ಭಾಮೈದನ ಲ್ಯಾಪ್‌ಟಾಪು, ಹೆಂಡತಿಯ ಮೆಷಿನ್ನು, ನಡುವೆ ಕೊರಳಿಗೆ ಗಿಟಾರ್ ತೂಗುಹಾಕಿಕೊಂಡ ಗುಡುಗು.

"ವೈರು ಹಾಕ್ಲಾ ಭಾವ?"

"ಬೇಡ ಕಣೋ."

ಅವನು ಸೊಂಟ ತಿರುಗಿಸಿದ. ಅವಳು ಪೆಡಲ್ ಒತ್ತಿದಳು. ಜನ ಹುಚ್ಚೆದ್ದು ಕುಣಿದರು! ಹಾಡು ಮುಗಿದು ಚಪ್ಪಾಳೆ ಬೀಳುತ್ತಿರುವಾಗಲೇ ಅವಳು ದಾರ ಕತ್ತರಿಸಿ, ಅಷ್ಟೂ ಹೊತ್ತು ಹೊಲಿದ ನೀಲಿ ಬಟ್ಟೆಯನ್ನು ಕೊಡವಿ ಎದ್ದಳು. ಗಂಡನ ಕೊರಳಿನಿಂದ ಗಿಟಾರ್ ಇಳಿಸಿ ಆ ಬಟ್ಟೆಯೊಳಗೆ ತೂರಿಸಿದಳು. ಅಳತೆ ಒಂದಿಷ್ಟೂ ಆಚೀಚೆ ಇಲ್ಲ!

"ಗಿಟಾರಿಗೆ ಕವರಾ?" ಎಂದ ಗುಡುಗು, ಕಣ್ಣು ತುಂಬಿಕೊಂಡು.

"ಹೂಂ ರೀ. ಅಟ್ಟದಲ್ಲಿ ಧೂಳು ಜಾಸ್ತಿ."